ನೀರು ಹೀರದ ಫಿಲ್ಮು, ತೆಳುವಾದಾಗ ನೀರಿಗೆ ಸೋಲುವುದೇಕೆ?

ಮೂಗಿನ ಹೊಳ್ಳೆಯ ಕೆಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಪಟ್ಟಿ. ಉಸಿರು ತಾಗಿದಾಗ ಅದು ತುಸು ಬಾಗುತ್ತದೆ, ಬಾಗಿದಾಗ ಸಣ್ಣದೊಂದು ವೋಲ್ಟೇಜ್ ಹುಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಂಥ ಉಸಿರಾಟದ ಸೆನ್ಸರ್ ರೂಪಿಸಿ, ಅದರ ಪರೀಕ್ಷೆಯ ವಿವರವನ್ನು 2013ರಲ್ಲಿ ಪ್ರಕಟಿಸಿದರು. ಪಟ್ಟಿಯ ವಸ್ತು ಪಾಲಿವಿನೈಲಿಡೀನ್ ಫ್ಲೋರೈಡ್, ಚಿಕ್ಕದಾಗಿ ಪಿವಿಡಿಎಫ್. ಹಿಗ್ಗಿಸಿದರೆ, ಅದುಮಿದರೆ ಇದು ಚೆನ್ನಾಗಿ ವಿದ್ಯುತ್ ಕೊಡುತ್ತದೆಂದು 1969ರಲ್ಲಿ ತೋರಿಸಿದವರು ಜಪಾನಿನ ಹೆಯ್ಜಿ ಕವಾಯಿ.

ನಾವು ಹೊರಬಿಡುವ ಉಸಿರಿನಲ್ಲಿ ಬೇಕಾದಷ್ಟು ನೀರಾವಿ ಇರುತ್ತದೆ. ಬೆಳಗಾವಿ ಜಿಲ್ಲೆಯ ಸುರೇಬಾನದಂಥ ಊರಿನಲ್ಲಾದರೆ ಏಪ್ರಿಲ್‌ನ ಒಣಗಾಳಿಯಲ್ಲೂ ಶ್ರಾವಣದ ಜಿಟಿಜಿಟಿ ಮಳೆಯಲ್ಲೂ ಒಂದೇ ಸೆನ್ಸರ್ ದುಡಿಯಬೇಕು. ಹಾಗಾಗಿ ನೀರು ಈ ಫಿಲ್ಮಿಗೆ ಏನು ಮಾಡುತ್ತದೆಂದು ತಿಳಿಯದೆ ಅದರ ಅಂಕಿಗಳನ್ನು ನಂಬುವಂತಿಲ್ಲ.

ದಪ್ಪ ಹಾಳೆಯ ಮಟ್ಟಿಗೆ ಉತ್ತರ ಸುಲಭ: ಪಿವಿಡಿಎಫ್ ನೀರನ್ನು ಹೀರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಗಾಳ ಹಾಕುವವರು ಫ್ಲೋರೋಕಾರ್ಬನ್ ಎಂದು ಕೊಳ್ಳುವ ದಾರ ಇದರದ್ದೇ. ಕಥೆ ಬದಲಾಗುವುದು ಫಿಲ್ಮು ತೀರಾ ತೆಳುವಾದಾಗ. ನೀರಿನ ಒಂದು ಅಣುವಿನ ಅಗಲ ಸುಮಾರು 0.28 ನ್ಯಾನೋಮೀಟರ್. ಫಿಲ್ಮಿನ ದಪ್ಪ 10 ನ್ಯಾನೋಮೀಟರ್ ಎನ್ನಿ. ಎರಡೂ ಮೈಗೆ ಒಂದೊಂದೇ ಪದರ ನೀರು ಕೂತರೂ ಅದು ಫಿಲ್ಮಿನ ದಪ್ಪದ ಶೇ. 5ಕ್ಕಿಂತ ಹೆಚ್ಚು. ಮಿಲಿಮೀಟರ್ ದಪ್ಪದ ಹಾಳೆಯಲ್ಲಿ ಇದೇ ನೀರು ಲೆಕ್ಕಕ್ಕೇ ಬರುವುದಿಲ್ಲ.

ನೀರು ಅಲ್ಲಿ ಕೂರುವುದಕ್ಕೂ ಕಾರಣವಿದೆ. ಪಿವಿಡಿಎಫ್‌ನ ಕಾರ್ಬನ್ ಸರಪಳಿಗೆ ಹೈಡ್ರೋಜನ್ ಮತ್ತು ಫ್ಲೋರಿನ್ ಜೋಡಿಗಳು ಅಂಟಿಕೊಂಡಿವೆ. ಬೀಟಾ ಎಂಬ ರೂಪದಲ್ಲಿ ಫ್ಲೋರಿನ್‌ಗಳೆಲ್ಲ ಒಂದೇ ಮಗ್ಗುಲಿಗೆ ಬರುತ್ತವೆ. ಆ ಮಗ್ಗುಲು ಋಣ, ಹೈಡ್ರೋಜನ್ ಇರುವ ಮಗ್ಗುಲು ಧನ. ಹೊರಗಿನಿಂದ ಸಾಕಷ್ಟು ವೋಲ್ಟೇಜ್ ಕೊಟ್ಟರೆ ಈ ದಿಕ್ಕು ತಿರುಗುತ್ತದೆ, ವೋಲ್ಟೇಜ್ ತೆಗೆದ ಮೇಲೂ ತಿರುಗಿದಂತೆಯೇ ನಿಲ್ಲುತ್ತದೆ. ಫೆರೋಎಲೆಕ್ಟ್ರಿಕ್ ಗುಣವೆಂದರೆ ಇದೇ. ನೀರಿನ ಅಣುವಿಗೂ ಧನ, ಋಣ ತುದಿಗಳುಂಟು. ಹೀಗಾಗಿ ಫಿಲ್ಮಿನ ಮೈಮೇಲಿನ ವಿದ್ಯುದಂಶ ನೀರಿನ ಅಣುಗಳನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ಅವು ಆ ವಿದ್ಯುದಂಶವನ್ನು ಒಂದಿಷ್ಟು ಮುಚ್ಚಿಬಿಡುತ್ತವೆ.

ಮೈಮೇಲೆ ಕೂತ ನೀರು ಬಿಸಿ ತಾಗಿದರೆ ಬೇಗ ಹೋಗುತ್ತದೆ. ಒಳಹೊಕ್ಕ ನೀರೇ ಹಟಮಾರಿ. ಹರಳಾದ ಭಾಗದಲ್ಲಿ ಸರಪಳಿಗಳು ಮಗ್ಗಕ್ಕೆ ಹೂಡಿದ ಹಾಸಿನ ಎಳೆಗಳ ಹಾಗೆ ಒತ್ತಾಗಿ, ಸಾಲಾಗಿ ಇರುತ್ತವೆ. ಎಳೆ ತಪ್ಪಿದಲ್ಲಿ, ಸಡಿಲಾದಲ್ಲಿ ನೀರು ನುಸುಳುತ್ತದೆ. ಅದನ್ನು ಹೊರಡಿಸಲು ಹೆಚ್ಚು ಕಾವು ಬೇಕು. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಪಿವಿಡಿಎಫ್‌ನದು ಹತ್ತರ ಆಸುಪಾಸು. ಆದ್ದರಿಂದ ಒಳಗೆ ಉಳಿದ ಚೂರು ನೀರು ಕೂಡ ಫಿಲ್ಮಿನ ಕೆಪಾಸಿಟೆನ್ಸ್ ಅನ್ನು, ಅಂದರೆ ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯವನ್ನು, ಬದಲಿಸುತ್ತದೆ.

ವಿಶೇಷವೆಂದರೆ, ಅತ್ಯಂತ ತೆಳು ಫಿಲ್ಮುಗಳು ಹುಟ್ಟುವುದೇ ನೀರಿನ ಮೇಲೆ. ಪಿವಿಡಿಎಫ್‌ನ ಸಹಪಾಲಿಮರ್ (ಇನ್ನೊಂದು ಘಟಕ ಬೆರೆತ ರೂಪ) ದ್ರಾವಣವನ್ನು ನೀರಿನ ಮೇಲೆ ಹರಡಿ, ಬದಿಯಿಂದ ಮೆಲ್ಲಗೆ ಒತ್ತರಿಸಿ, ಗಾಜನ್ನೋ ಸಿಲಿಕಾನನ್ನೋ ತಾಗಿಸಿ ಪದರವನ್ನು ಎತ್ತಿಕೊಳ್ಳುತ್ತಾರೆ. ಇದು ಲ್ಯಾಂಗ್ಮ್ಯೂರ್ ವಿಧಾನ. ರಷ್ಯಾ ಮತ್ತು ಅಮೆರಿಕದ ನೆಬ್ರಾಸ್ಕಾದ ವಿಜ್ಞಾನಿಗಳು ಹೀಗೆ ಮಾಡಿದ, ಸುಮಾರು 1 ನ್ಯಾನೋಮೀಟರ್ ದಪ್ಪದ ಫಿಲ್ಮಿನಲ್ಲೂ ಫೆರೋಎಲೆಕ್ಟ್ರಿಕ್ ಗುಣ ಉಳಿದಿದೆಯೆಂದು 1998ರಲ್ಲಿ ವರದಿ ಮಾಡಿದರು. ಎತ್ತಿದ ಫಿಲ್ಮನ್ನು ಕಾಯಿಸಿ ಹದಗೊಳಿಸುವುದು ಇಲ್ಲಿ ಮುಖ್ಯ ಹೆಜ್ಜೆ: ಹರಳಿನ ಸಾಲು ಸರಿಹೋಗುತ್ತದೆ, ಜೊತೆಗೆ ಬಂದ ನೀರೂ ಹೋಗುತ್ತದೆ.

ಕಾಲೇಜಿನ ಪ್ರಾಜೆಕ್ಟಿಗೆ ಪಿವಿಡಿಎಫ್ ಸೆನ್ಸರ್ ತರಿಸುವವರು ಇಷ್ಟು ನೋಡಿಕೊಳ್ಳಿ. ಅಂಗಡಿಯ ಫಿಲ್ಮು ಮೈಕ್ರಾನ್‌ಗಳಷ್ಟು ದಪ್ಪ, ಅದರೊಳಗೆ ನೀರು ಇಳಿಯುವ ಭಯ ಕಡಿಮೆ. ತೊಂದರೆ ಅಂಚಿನಲ್ಲಿ, ವೈರು ಕೂಡುವಲ್ಲಿ. ಅಲ್ಲಿ ತೇವ ಕೂತರೆ ಹುಟ್ಟಿದ ವಿದ್ಯುದಂಶ ಸೋರಿಹೋಗಿ ಅಂಕಿ ಇಳಿಯುತ್ತದೆ. ಅಂಚನ್ನೂ ಜೋಡಣೆಯನ್ನೂ ಸಿಲಿಕೋನ್ ಅಥವಾ ಎಪಾಕ್ಸಿಯಿಂದ ಮುಚ್ಚಿ. ಒಣಗಿಸುವ ಆತುರದಲ್ಲಿ ಬಿಸಿ ಇಸ್ತ್ರಿ, ಹೀಟ್ ಗನ್ ಹಿಡಿಯಬೇಡಿ. 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫಿಲ್ಮು ತನ್ನ ಗುಣ ಕಳೆದುಕೊಳ್ಳತೊಡಗುತ್ತದೆ. ಪ್ರತಿ ಅಳತೆಯ ಪಕ್ಕದಲ್ಲಿ ಆ ಹೊತ್ತಿನ ತೇವಾಂಶವನ್ನೂ ಬರೆದಿಡಿ. ಅದಿಲ್ಲದೆ ಬೇಸಿಗೆಯ ಅಂಕಿಯನ್ನು ಮಳೆಗಾಲದ ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ.