ನೈಲಾನ್ ತಂತಿಯ ಗಿಟಾರ್: ನಾದ ಹುಟ್ಟುವುದು ಎಲ್ಲಿ?

1862ರಲ್ಲಿ ಸ್ಪೇನಿನ ಗಿಟಾರ್ ಕುಶಲಕರ್ಮಿ ಆಂಟೋನಿಯೊ ಡಿ ಟೋರೆಸ್ ಒಂದು ಪ್ರಯೋಗ ಮಾಡಿದರು. ಗಿಟಾರಿನ ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ಮುಂಭಾಗಕ್ಕೆ ಮಾತ್ರ ಒಳ್ಳೆಯ ಮರದ ಹಲಗೆ ಕೂರಿಸಿದರು. ನಾದದ ಜೀವಾಳ ಆ ಮೇಲ್ಹಲಗೆಯೇ ಎಂದು ತೋರಿಸುವುದು ಅವರ ಉದ್ದೇಶ. ಆ ವಾದ್ಯ ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಕಡಿಮೆ ಬೆಲೆಯ ಕ್ಲಾಸಿಕಲ್ ಗಿಟಾರುಗಳನ್ನು ಹೋಲಿಸಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ತಂತಿ ಬಹಳ ಸಣ್ಣದು. ಅದೊಂದೇ ಕಂಪಿಸಿದರೆ ಪಕ್ಕದವರಿಗೂ ಸರಿಯಾಗಿ ಕೇಳಿಸದು. ಆ ಕಂಪನ ಕುದುರೆಯ ಮೂಲಕ, ಅಂದರೆ ತಂತಿಗಳನ್ನು ಹೊತ್ತ ಪಟ್ಟಿಯ ಮೂಲಕ ಮೇಲ್ಹಲಗೆಗೆ ಇಳಿಯುತ್ತದೆ. ಹಲಗೆ ಗಾಳಿಯನ್ನು ಅಲುಗಿಸುತ್ತದೆ. ಹಲಗೆಯ ದಪ್ಪ ಸುಮಾರು ಎರಡೂವರೆ ಮಿಲಿಮೀಟರ್. ಆರು ತಂತಿಗಳು ಸೇರಿ ಎಳೆಯುವ ಬಲವೋ ಸುಮಾರು 40 ಕಿಲೋ. ಈ ಎಳೆತಕ್ಕೆ ಹಲಗೆ ಬಗ್ಗಬಾರದು, ಆದರೆ ಬೆರಳ ತುದಿಯ ಮೆಲು ಮೀಟಿಗೂ ಸ್ಪಂದಿಸಬೇಕು. ಅದಕ್ಕಾಗಿ ಹಲಗೆಯ ಒಳಮೈಗೆ ತೆಳುವಾದ ಮರದ ಪಟ್ಟಿಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿ ಅಂಟಿಸುತ್ತಾರೆ. ಕೈಯಿಂದ ಗಿಟಾರ್ ಮಾಡುವವರು ಹಲಗೆಯನ್ನು ಹೆರೆಯುತ್ತಾರೆ, ಬಗ್ಗಿಸಿ ನೋಡುತ್ತಾರೆ, ತಟ್ಟಿ ಕೇಳುತ್ತಾರೆ, ಮತ್ತೆ ಹೆರೆಯುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಅವರ ಕಿವಿ ಮತ್ತು ಹೆಬ್ಬೆರಳು.

ಮೊದಲು ಈ ವಾದ್ಯಕ್ಕೆ ಪ್ರಾಣಿಗಳ ಕರುಳಿನ ತಂತಿ ಕಟ್ಟುತ್ತಿದ್ದರು. 1940ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್, ಪ್ರಸಿದ್ಧ ವಾದಕ ಆಂದ್ರೆಸ್ ಸೆಗೋವಿಯಾ ಅವರ ಒತ್ತಾಸೆಯಿಂದ ನೈಲಾನ್ ತಂತಿಗಳನ್ನು ರೂಪಿಸಿದರು. ಮೇಲಿನ ಸ್ಥಾಯಿಯ ಮೂರು ತಂತಿಗಳು ಬರಿಯ ನೈಲಾನ್. ಮಂದ್ರದ ಮೂರರಲ್ಲಿ ನೈಲಾನ್ ಎಳೆಗಳ ಮೇಲೆ ಬೆಳ್ಳಿ ಲೇಪದ ತಾಮ್ರದ ತಂತಿ ಸುತ್ತಿರುತ್ತದೆ.

ಬೆಲೆ ತೀರಾ ಇಳಿಸುವಾಗ ತಯಾರಕರು ಮೇಲ್ಹಲಗೆಯನ್ನೂ ಬದಲಿಸುತ್ತಾರೆ. ಯಮಹಾ ಸಿ40 ಎಂಬ ಹೆಸರಾಂತ ಕಲಿಕೆಯ ಗಿಟಾರಿನಲ್ಲಿ ಇದು ಸ್ಪ್ರೂಸ್ ಪದರಗಳನ್ನು ಅಂಟಿಸಿದ ಹಲಗೆ. ಪದರಗಳು ಅಡ್ಡಡ್ಡ ಕೂತಿರುವುದರಿಂದ ಹವೆ ಬದಲಾದರೂ ಸುಲಭವಾಗಿ ಸೀಳುವುದಿಲ್ಲ. ಆದರೆ ಅದೇ ಕಾರಣಕ್ಕೆ ಹಲಗೆ ಬಿಗಿಯಾಗಿ, ನಾದ ತುಸು ಮುದುಡುತ್ತದೆ. ಒಂದು ಮೆಟ್ಟಿಲು ಮೇಲಿರುವ ಯಮಹಾ ಸಿಜಿ122, ಕೊರ್ಡೋಬಾ ಸಿ5 ಮಾದರಿಗಳಲ್ಲಿ ಪದರಗಳಿಲ್ಲದ ಅಖಂಡ ಮರದ ಮೇಲ್ಹಲಗೆ ಇದೆ. ಅಖಂಡ ಮರದ ಎಳೆಗಳು ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಮೃದು. ಆದ್ದರಿಂದ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ, ಮೆಲ್ಲನೆ ಮೀಟಿದ್ದಕ್ಕೂ ಬಲವಾಗಿ ಮೀಟಿದ್ದಕ್ಕೂ ವ್ಯತ್ಯಾಸ ಕೇಳುತ್ತದೆ.

ಈ ಹಲಗೆಗೆ ಎರಡು ಮರಗಳು ರೂಢಿಯಲ್ಲಿವೆ. ಬಿಳಿಚು ಬಣ್ಣದ ಸ್ಪ್ರೂಸ್ ಸ್ಪಷ್ಟ ದನಿಯದು, ನುಡಿಸಿದಷ್ಟೂ ಅರಳುವಂಥದು ಎಂಬುದು ವಾದಕರ ಅನುಭವ. ಕೆಂಗಂದಿನ ಸೀಡರ್ ಮೊದಲ ದಿನದಿಂದಲೇ ತುಂಬು ದನಿ ಕೊಡುತ್ತದೆ. 1960ರ ದಶಕದಲ್ಲಿ ಮ್ಯಾಡ್ರಿಡ್‌ನ ಗಿಟಾರ್ ತಯಾರಕ ಮೂರನೇ ಹೋಸೆ ರಾಮಿರೆಸ್ ಇದನ್ನು ಬಳಕೆಗೆ ತಂದರು. ದುಬಾರಿ ಗಿಟಾರುಗಳ ಬೆನ್ನಿಗೆ ಬಳಸುವ ರೋಸ್‌ವುಡ್ ಹೆಚ್ಚಾಗಿ ನಮ್ಮ ಪಶ್ಚಿಮಘಟ್ಟದ ಬೀಟೆಯೇ. ಮೈಸೂರಿನ ಕೆತ್ತನೆ ಜೋಡಣೆಯ ಕುಶಲಕಲೆಗೂ ಅದೇ ಮರ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಬಹುದು. ನಾದರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಮೇಲಿನ ಎಳೆಗಳು ಅಂಚಿನ ದಪ್ಪದಲ್ಲೂ ಹಾಗೇ ಇಳಿದಿದ್ದರೆ ಅಖಂಡ ಹಲಗೆ, ಅಡ್ಡ ಪದರಗಳು ಕಂಡರೆ ಅಂಟಿಸಿದ್ದು. 12ನೇ ಫ್ರೆಟ್, ಅಂದರೆ ಕುತ್ತಿಗೆಯ ಮೇಲಿನ 12ನೇ ಅಡ್ಡಪಟ್ಟಿಯ ಬಳಿ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ತೆಳು ತಂತಿಗೆ ಸುಮಾರು 3, ದಪ್ಪ ತಂತಿಗೆ ಸುಮಾರು 4 ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ಅದೇ ಫ್ರೆಟ್‌ನಲ್ಲಿ ತಂತಿಯನ್ನು ಬರೀ ಸ್ಪರ್ಶಿಸಿ ನುಡಿಸಿದ ಸ್ವರವೂ ಒತ್ತಿ ನುಡಿಸಿದ ಸ್ವರವೂ ಒಂದೇ ಆಗಿರಬೇಕು. ಬಿರಡೆಗಳು ಜಾರದೆ ನಯವಾಗಿ ತಿರುಗಬೇಕು. ಹೊಸ ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಆಗ ಶ್ರುತಿ ಇಳಿಯುವುದು ದೋಷವಲ್ಲ.

ಉಕ್ಕಿನ ತಂತಿಯನ್ನು ಈ ಗಿಟಾರಿಗೆ ಎಂದೂ ಕಟ್ಟಬೇಡಿ. ಅದರ ಹೆಚ್ಚಿನ ಎಳೆತಕ್ಕೆ ಕುದುರೆ ಕಿತ್ತುಬರಬಹುದು. ಕಲಿಯಲು ಆರಂಭಿಸುವವರಿಗೆ ಪದರದ ಹಲಗೆಯ ಗಿಟಾರ್ ಧಾರಾಳವಾಗಿ ಸಾಕು. ಮುಂದೆ ಒಂದಿಷ್ಟು ಹಣ ಹೆಚ್ಚಿಗೆ ಕೂಡಿದರೆ, ಹೊಳಪಿಗೂ ಅಲಂಕಾರಕ್ಕೂ ಅದನ್ನು ಕೊಡಬೇಡಿ. ಅಖಂಡ ಮೇಲ್ಹಲಗೆಗೆ ಕೊಡಿ.