ದೇವದೂತರ ಪಾಲು

ಬೇಸಿಗೆಯ ದಿನಗಳಲ್ಲಿ ಹುಬ್ಬಳ್ಳಿಯ ಬೆಂಗೇರಿ ಸಂತೆಯಿಂದ ಹೊಸ ಮಣ್ಣಿನ ಗಡಿಗೆಯೊಂದನ್ನು ತಂದು, ಕಂಠದವರೆಗೆ ನೀರು ತುಂಬಿ, ಬಾಯಿ ಮುಚ್ಚಿ ಇಟ್ಟರೂ ಮರುದಿನ ನೀರಿನ ಮಟ್ಟ ತಗ್ಗಿರುವುದನ್ನು ಕಾಣುತ್ತೇವೆ. ಗಡಿಗೆ ಒಡೆದಿಲ್ಲ, ಯಾರೂ ನೀರು ಕುಡಿದಿಲ್ಲ. ಮಣ್ಣಿನ ಸೂಕ್ಷ್ಮರಂಧ್ರಗಳ ಮೂಲಕ ಹೊರಮೈಗೆ ಜಿನುಗಿದ ನೀರು ಆವಿಯಾಗಿ ಗಾಳಿಯನ್ನು ಸೇರಿದೆ. ಮಳೆಗಾಲದಲ್ಲಿ ಅದೇ ಗಡಿಗೆಯಿಂದ ಆಗುವ ನಷ್ಟ ಬಹಳ ಕಡಿಮೆ. ಗಾಳಿಯ ಉಷ್ಣತೆ ಎಷ್ಟು, ಅದರಲ್ಲಿರುವ ತೇವ ಎಷ್ಟು ಎಂಬ ಎರಡು ಸಂಗತಿಗಳೇ ಈ ವ್ಯತ್ಯಾಸಕ್ಕೆ ಕಾರಣ.

ಸ್ಕಾಟ್ಲೆಂಡಿನ ಜಗತ್ಪ್ರಸಿದ್ಧ ಮದ್ಯವಾದ ಸ್ಕಾಚ್ ವಿಸ್ಕಿಯ ಗುಣವನ್ನೂ ಬೆಲೆಯನ್ನೂ ನಿರ್ಣಯಿಸುವುದರಲ್ಲಿ ಇದೇ ತತ್ತ್ವಕ್ಕೆ ದೊಡ್ಡ ಪಾಲಿದೆ. ಅದರ ಬಾಟಲಿಗಳ ಮೇಲೆ ೧೨ ವರ್ಷ, ೧೮ ವರ್ಷ ಎಂದು ವಯಸ್ಸನ್ನು ಅಚ್ಚು ಹಾಕಿರುತ್ತಾರೆ. ಒಂದು ಕೈಯಲ್ಲಿ ಲೋಟವನ್ನೂ ಇನ್ನೊಂದು ಕೈಯಲ್ಲಿ ಹೊಗೆಯಾಡುವ ಪೈಪನ್ನೂ ಹಿಡಿದು ಅದನ್ನು ಸವಿಯುವ ರಸಿಕರು ಆ ಸಂಖ್ಯೆಗೆ ಬಹಳ ಗೌರವ ಕೊಡುತ್ತಾರೆ. ಆ ಸಂಖ್ಯೆ ನಿಜವಾಗಿ ಏನನ್ನು ಅಳೆಯುತ್ತದೆ? ವಿಸ್ಕಿಯೂ ಪೈಪೂ ಜೊತೆಗೂಡುವುದು ಏಕೆ? ಜೊತೆಗೂಡಿದಾಗ ದೇಹದಲ್ಲಿ ಆಗುವುದೇನು? ಮೊದಲ ಪ್ರಶ್ನೆಗೆ ಉತ್ತರ ನಮ್ಮ ಬೆಂಗಳೂರಿನಲ್ಲಿಯೇ ದೊರೆತಿದೆ.

ಧಾನ್ಯದಿಂದ ಮದ್ಯಕ್ಕೆ

ಮಕ್ಕಳ ಆಹಾರಕ್ಕಾಗಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುವ ಪದ್ಧತಿ ನಮ್ಮ ಮನೆಗಳಲ್ಲಿ ಉಂಟು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಪರಿವರ್ತಿಸುತ್ತವೆ. ಜವೆಗೋಧಿ ಅಥವಾ ಬಾರ್ಲಿಯನ್ನು ಹೀಗೆಯೇ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಇದನ್ನು ಬಿಸಿನೀರಿನಲ್ಲಿ ಕಲಸಿ ತೆಗೆದ ಸಿಹಿರಸಕ್ಕೆ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಸೇರಿಸಿದಾಗ ಸಕ್ಕರೆ ಮದ್ಯಸಾರವಾಗಿ ಮಾರ್ಪಡುತ್ತದೆ.

ಮದ್ಯಸಾರ ಸುಮಾರು ೭೮ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು ೧೦೦ ಡಿಗ್ರಿಯಲ್ಲಿ. ಆದ್ದರಿಂದ ಹುದುಗಿದ ರಸವನ್ನು ತಾಮ್ರದ ಹಂಡೆಯಲ್ಲಿ ಕಾಯಿಸಿದರೆ ಮೊದಲು ಏಳುವ ಆವಿಯಲ್ಲಿ ಮದ್ಯಸಾರದ ಅಂಶ ಹೆಚ್ಚು. ಆ ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವುದೇ ಭಟ್ಟಿ ಇಳಿಸುವಿಕೆ. ತಾಮ್ರವನ್ನು ಆರಿಸುವುದಕ್ಕೂ ಕಾರಣವಿದೆ: ದುರ್ವಾಸನೆಯ ಗಂಧಕ ಸಂಯುಕ್ತಗಳನ್ನು ಅದು ತನ್ನ ಮೈಗೆ ಹಿಡಿದುಕೊಳ್ಳುತ್ತದೆ.

ಸ್ಕಾಟ್ಲೆಂಡಿನ ಕೆಲವು ಕಡೆ, ಮುಖ್ಯವಾಗಿ ಐಲಾ ದ್ವೀಪದಲ್ಲಿ, ಮೊಳೆತ ಕಾಳನ್ನು ಪೀಟ್ ಎಂಬ ಇಂಧನದ ಹೊಗೆಯಲ್ಲಿ ಒಣಗಿಸುವ ಸಂಪ್ರದಾಯವಿದೆ. ಜೌಗುನೆಲದಲ್ಲಿ ಸಾವಿರಾರು ವರ್ಷಗಳಿಂದ ಅರೆಕೊಳೆತು ಕೂಡಿರುವ ಪಾಚಿ, ಹುಲ್ಲು, ಪೊದೆಗಳ ರಾಶಿಯೇ ಪೀಟ್. ಅದು ಹೊಗೆಯಾಡುವಾಗ ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಎಂಬ ಸುವಾಸಕ ವಸ್ತುಗಳು ಕಾಳಿಗೆ ಅಂಟಿಕೊಳ್ಳುತ್ತವೆ. ಲಫ್ರಾಯ್ಗ್, ಆರ್ಡ್‌ಬೆಗ್ ಮೊದಲಾದ ಮದ್ಯಗಳಲ್ಲಿ ಆಸ್ಪತ್ರೆಯ ವಾಸನೆಯನ್ನು ನೆನಪಿಗೆ ತರುವ ಹೊಗೆಯ ಘಾಟು ಇರುವುದು ಇದರಿಂದಲೇ. ಸ್ಪೇ ನದಿಯ ಪ್ರಾಂತದ ಗ್ಲೆನ್‌ಲಿವೆಟ್, ಗ್ಲೆನ್‌ಫಿಡಿಕ್ ಮೊದಲಾದವುಗಳಲ್ಲಿ ಈ ಘಾಟು ಸಾಮಾನ್ಯವಾಗಿ ಇಲ್ಲ. ಹಣ್ಣು, ಜೇನುಗಳ ಪರಿಮಳವೇ ಅವುಗಳ ಲಕ್ಷಣ.

ಪೀಪಾಯಿಯ ಕೆಲಸ

ಭಟ್ಟಿಯಿಂದ ಇಳಿದ ಹೊಸ ಮದ್ಯ ನೀರಿನಂತೆ ನಿರ್ವರ್ಣ, ರುಚಿಯಲ್ಲಿ ಒರಟು. ಅದಕ್ಕೆ ಹೊನ್ನಿನ ಬಣ್ಣವೂ ಮೃದುತ್ವವೂ ಬರುವುದು ಓಕ್ ಮರದ ಪೀಪಾಯಿಯಲ್ಲಿ. ಕನಿಷ್ಠ ೩ ವರ್ಷ ಸ್ಕಾಟ್ಲೆಂಡಿನಲ್ಲಿಯೇ ಓಕ್ ಪೀಪಾಯಿಯಲ್ಲಿ ಇರಿಸದ ಮದ್ಯವನ್ನು ಸ್ಕಾಚ್ ಎಂದು ಕರೆಯಲು ಆ ದೇಶದ ಕಾನೂನು ಒಪ್ಪುವುದಿಲ್ಲ.

ಪೀಪಾಯಿಯೊಳಗೆ ಮೂರು ಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದು ಕರಗುವಿಕೆ. ಮದ್ಯಸಾರವು ಉತ್ತಮ ದ್ರಾವಕ. ನೀರಿನಲ್ಲಿ ಕರಗದ ಎಷ್ಟೋ ವಸ್ತುಗಳು ಅದರಲ್ಲಿ ಕರಗುತ್ತವೆ. ಪೀಪಾಯಿಯ ಒಳಮೈಯನ್ನು ಮೊದಲೇ ಬೆಂಕಿಯಲ್ಲಿ ಸುಟ್ಟಿರುತ್ತಾರೆ. ಆ ಶಾಖದಲ್ಲಿ ಮರದ ಲಿಗ್ನಿನ್ ಒಡೆದು ವೆನಿಲಿನ್ ಮುಂತಾದವು ಹುಟ್ಟಿರುತ್ತವೆ. ವೆನಿಲ್ಲಾ ಕಾಯಿಯ ಸುವಾಸನೆಗೆ ಕಾರಣವಾದುದೂ ಇದೇ ವಸ್ತು. ಹಗಲಿನ ಶಾಖಕ್ಕೆ ಹಿಗ್ಗಿ ಮರದ ರಂಧ್ರಗಳಿಗೆ ನುಗ್ಗುವ ಮದ್ಯ, ರಾತ್ರಿ ತಣಿದಾಗ ಇವನ್ನು ಹೊತ್ತುಕೊಂಡು ಹಿಂತಿರುಗುತ್ತದೆ. ಎರಡನೆಯದು ಉತ್ಕರ್ಷಣ: ಮರದ ಮೂಲಕ ನುಸುಳುವ ಆಮ್ಲಜನಕ ಮದ್ಯದ ಘಟಕಗಳೊಡನೆ ನಿಧಾನವಾಗಿ ಸಂಯೋಗ ಹೊಂದಿ ಹೊಸ ಪರಿಮಳಗಳನ್ನು ನಿರ್ಮಿಸುತ್ತದೆ. ಮೂರನೆಯದು ಆವಿಯಾಗುವಿಕೆ. ಗಡಿಗೆಯಿಂದ ನೀರು ಹೋಗುವಂತೆ ಪೀಪಾಯಿಯಿಂದ ಮದ್ಯವೂ ನೀರೂ ಗಾಳಿಗೆ ಹೋಗುತ್ತವೆ. ಸ್ಕಾಟ್ಲೆಂಡಿನ ತಣ್ಣನೆಯ ತೇವದ ಉಗ್ರಾಣಗಳಲ್ಲಿ ಈ ನಷ್ಟ ವರ್ಷಕ್ಕೆ ಸುಮಾರು ಶೇಕಡಾ ೨. ಅಲ್ಲಿಯ ಜನ ಇದಕ್ಕೆ ವಿನೋದವಾಗಿ ‘ದೇವದೂತರ ಪಾಲು’ ಎಂದು ಹೆಸರಿಟ್ಟಿದ್ದಾರೆ.

ಬೆಂಗಳೂರಿನ ಉಗ್ರಾಣ

ಅಮೃತ್ ಡಿಸ್ಟಿಲರೀಸ್ ಎಂಬ ಸಂಸ್ಥೆಯನ್ನು ೧೯೪೮ರಲ್ಲಿ ಬೆಂಗಳೂರಿನಲ್ಲಿ ಜೆ. ಎನ್. ರಾಧಾಕೃಷ್ಣ ಜಗದಾಳೆಯವರು ಸ್ಥಾಪಿಸಿದರು. ನಮ್ಮ ದೇಶದಲ್ಲಿ ಬಹುಕಾಲ ವಿಸ್ಕಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರವೇ. ಯುರೋಪಿನ ನಿಯಮದ ಪ್ರಕಾರ ಧಾನ್ಯದಿಂದ ಮಾಡದ ಮದ್ಯ ವಿಸ್ಕಿ ಅಲ್ಲ. ಸಂಸ್ಥಾಪಕರ ಮಗ ನೀಲಕಂಠರಾವ್ ಜಗದಾಳೆಯವರ ಕಾಲದಲ್ಲಿ ಈ ಸಂಸ್ಥೆ ಮಾಲ್ಟ್ ಮಾತ್ರದಿಂದ ಇಳಿಸಿ ಬೆಂಗಳೂರಿನಲ್ಲಿಯೇ ಮಾಗಿಸಿದ ಮದ್ಯವನ್ನು ೨೦೦೪ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿತು. ಭಾರತದ ಜವೆಯನ್ನೂ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಜವೆಯನ್ನೂ ಕೂಡಿಸಿ ಮಾಡಿದ ‘ಫ್ಯೂಷನ್’ ಎಂಬುದಕ್ಕೆ ಆಂಗ್ಲ ವಿಮರ್ಶಕ ಜಿಮ್ ಮರ್ರೆ ತಮ್ಮ ೨೦೧೦ರ ಕೈಪಿಡಿಯಲ್ಲಿ ೧೦೦ಕ್ಕೆ ೯೭ ಅಂಕ ಕೊಟ್ಟು, ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿ ಇರಿಸಿದರು.

ವಿಜ್ಞಾನದ ದೃಷ್ಟಿಯಿಂದ ಬಹುಮಾನಕ್ಕಿಂತ ಕುತೂಹಲಕರವಾದ ಸಂಗತಿ ಇನ್ನೊಂದಿದೆ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರು ನಮಗೆ ತಂಪಿನ ಊರು. ಓಕ್ ಪೀಪಾಯಿಗೆ ಅದು ಉಷ್ಣದೇಶ. ಅಲ್ಲಿ ದೇವದೂತರ ಪಾಲು ವರ್ಷಕ್ಕೆ ಶೇಕಡಾ ೧೦ರಿಂದ ೧೨.

ಈ ವ್ಯತ್ಯಾಸದ ಪರಿಣಾಮವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಇದು ತಿರುಗುಮುರುಗಾದ ಚಕ್ರಬಡ್ಡಿ: ಪ್ರತಿ ವರ್ಷವೂ ಉಳಿದುದರಲ್ಲಿ ನಿಯತವಾದ ಒಂದು ಭಾಗ ಕಳೆಯುತ್ತದೆ. ಮೊದಲು ೨೦೦ ಲೀಟರ್ ಇತ್ತೆಂದು ಭಾವಿಸೋಣ. ಶೇಕಡಾ ೨ರ ನಷ್ಟದಲ್ಲಿ ೧೨ ವರ್ಷಗಳ ಬಳಿಕ ಸುಮಾರು ೧೫೭ ಲೀಟರ್ ಉಳಿಯುತ್ತದೆ. ಶೇಕಡಾ ೧೧ರ ನಷ್ಟದಲ್ಲಿ ನಾಲ್ಕೇ ವರ್ಷಗಳಲ್ಲಿ ೧೨೫ ಲೀಟರಿಗೆ ಇಳಿಯುತ್ತದೆ; ೧೨ ವರ್ಷ ಕಾದರೆ ಉಳಿಯುವುದು ೪೯ ಲೀಟರ್ ಮಾತ್ರ. ಸ್ಕಾಟ್ಲೆಂಡಿನ ಪೀಪಾಯಿ ೧೨೫ ಲೀಟರಿಗೆ ಇಳಿಯಬೇಕಾದರೆ ಸುಮಾರು ೨೩ ವರ್ಷ ಬೇಕು. ಬೆಂಗಳೂರಿನ ಸಂಸ್ಥೆ ೨೦೧೩ರಲ್ಲಿ ೮ ವರ್ಷ ಮಾಗಿದ ಮದ್ಯವೊಂದನ್ನು ಹೊರತಂದಾಗ ಅದಕ್ಕೆ ‘ಗ್ರೀಡಿ ಏಂಜಲ್ಸ್’, ಅಂದರೆ ‘ಆಸೆಬುರುಕ ದೇವದೂತರು’ ಎಂದು ಹೆಸರಿಟ್ಟುದು ಈ ಕಾರಣದಿಂದಲೇ.

ಹಾಗಾದರೆ ಬೆಂಗಳೂರಿನ ೪ ವರ್ಷ ಸ್ಕಾಟ್ಲೆಂಡಿನ ೧೨ ವರ್ಷಕ್ಕೆ ಸಮವೆ? ಹಾಗೆ ಹೇಳುವುದೂ ಸರಿಯಲ್ಲ. ಶಾಖ ಹೆಚ್ಚಿದಾಗ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ತ್ವರಿತಗೊಳ್ಳುವುದಿಲ್ಲ. ಮರದ ಸತ್ತ್ವ ಬೇಗ ಕರಗಿಬರುತ್ತದೆ. ಆಮ್ಲಜನಕದ ಕೆಲಸ ಅದೇ ವೇಗದಲ್ಲಿ ಸಾಗಬೇಕೆಂದಿಲ್ಲ. ಬಹಳ ಕಾಲ ಬಿಟ್ಟರೆ ಮರದ ಒಗರೇ ಮೇಲುಗೈ ಪಡೆಯುತ್ತದೆ. ಇದನ್ನು ಪರೀಕ್ಷಿಸುವಂತೆ, ಬೆಂಗಳೂರಿನಲ್ಲಿ ಕೆಲಕಾಲ ಮಾಗಿಸಿದ ಪೀಪಾಯಿಗಳನ್ನು ಸ್ಕಾಟ್ಲೆಂಡಿಗೆ ಸಾಗಿಸಿ ಅಲ್ಲಿ ಮಾಗುವಿಕೆಯನ್ನು ಮುಂದುವರಿಸಿದ ‘ಟೂ ಕಾಂಟಿನೆಂಟ್ಸ್’ ಎಂಬ ಮದ್ಯವನ್ನೂ ಇದೇ ಸಂಸ್ಥೆ ೨೦೦೯ರಲ್ಲಿ ಹೊರತಂದಿತು. ಬಾಟಲಿಯ ಮೇಲಿನ ವರ್ಷ ಗಡಿಯಾರದ ಅಳತೆ. ಮಾಗುವಿಕೆಯ ಅಳತೆಗೆ ಶಾಖ, ತೇವ, ಮರ ಇವೆಲ್ಲವೂ ಬೇಕು.

ಪೈಪಿನ ಹೊಗೆ

ಇನ್ನು ಪೈಪಿನ ವಿಷಯ. ಪೈಪಿನ ತಂಬಾಕಿನಲ್ಲಿ ಮುಖ್ಯವಾದುದು ವರ್ಜೀನಿಯಾ ಜಾತಿಯ ಎಲೆ. ನಮ್ಮ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಈ ಜಾತಿಯನ್ನು ಬೆಳೆದು, ಮುಚ್ಚಿದ ಕೊಠಡಿಗಳಲ್ಲಿ ಕೊಳವೆಗಳ ಶಾಖದಿಂದ ಹದಮಾಡುತ್ತಾರೆ. ಈ ಹದದಲ್ಲಿ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ, ಎಲೆ ಹೊಂಬಣ್ಣ ತಳೆಯುತ್ತದೆ. ಮೊಳೆತ ಜವೆಯಲ್ಲಿ ನಡೆಯುವ ಪರಿವರ್ತನೆಗೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹ.

ಸಾದೃಶ್ಯ ಇಲ್ಲಿಗೇ ಮುಗಿಯುವುದಿಲ್ಲ. ಪೈಪುಪ್ರಿಯರು ಮೆಚ್ಚುವ ಲಟಾಕಿಯಾ ಎಂಬ ಎಲೆಯನ್ನು ಕಟ್ಟಿಗೆಯ ಹೊಗೆಯಲ್ಲಿ ತೂಗುಹಾಕಿ ಹದಮಾಡುತ್ತಾರೆ. ಐಲಾ ದ್ವೀಪದ ಕಾಳು ಪೀಟ್ ಹೊಗೆಯಲ್ಲಿ ಒಣಗುವಂತೆಯೇ. ಎರಡರಲ್ಲಿಯೂ ಉಳಿಯುವುದು ಫೀನಾಲ್ ವರ್ಗದ ವಸ್ತುಗಳೇ. ಅನೇಕ ಪೈಪಿನ ತಂಬಾಕುಗಳಿಗೆ ವೆನಿಲ್ಲಾ ಪರಿಮಳವನ್ನು ಬೆರೆಸುವುದುಂಟು. ಓಕ್ ಮರ ವಿಸ್ಕಿಗೆ ಕೊಡುವುದೂ ಅದನ್ನೇ. ನಾಲಗೆಗೆ ತಿಳಿಯುವ ರುಚಿಗಳು ಕೆಲವೇ. ಉಳಿದ ಸೂಕ್ಷ್ಮಭೇದಗಳನ್ನೆಲ್ಲ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಆವಿಯ ಮೂಲಕ ಗ್ರಹಿಸುತ್ತೇವೆ. ಅಲ್ಲಿ ಒಂದೇ ವರ್ಗದ ಅಣುಗಳು ಸಂಧಿಸುವುದರಿಂದ ವಿಸ್ಕಿಯೂ ಪೈಪೂ ಒಂದಕ್ಕೊಂದು ಒಪ್ಪುವಂತೆ ತೋರುತ್ತವೆ. ರಸಿಕರು ಅಭಿರುಚಿ ಎನ್ನುವುದಕ್ಕೆ ರಸಾಯನದ ಆಧಾರ ಇಷ್ಟು.

ದ್ರಾವಕದ ಇನ್ನೊಂದು ಮುಖ

ಓಕ್ ಮರದಿಂದ ಪರಿಮಳವನ್ನು ಹೊರಸೆಳೆಯುವ ಮದ್ಯಸಾರ ಬಾಯಿಯೊಳಗೆ ಹೋದಾಗಲೂ ದ್ರಾವಕವಾಗಿಯೇ ಇರುತ್ತದೆ. ಕೆನ್ನೆ, ನಾಲಗೆ, ಗಂಟಲುಗಳ ಒಳಪೊರೆಯನ್ನು ಅದು ಸಡಿಲಗೊಳಿಸುತ್ತದೆ. ತಂಬಾಕಿನ ಹೊಗೆಯಲ್ಲಿ ಅರ್ಬುದ ರೋಗವನ್ನು, ಎಂದರೆ ಕ್ಯಾನ್ಸರನ್ನು, ಉಂಟುಮಾಡುವ ಹತ್ತಾರು ವಸ್ತುಗಳಿವೆ. ಸಡಿಲಗೊಂಡ ಪೊರೆಯ ಮೂಲಕ ಅವು ಜೀವಕೋಶಗಳೊಳಕ್ಕೆ ಸುಲಭವಾಗಿ ಇಳಿಯುತ್ತವೆ. ಇಷ್ಟೇ ಅಲ್ಲದೆ ಬಾಯಿಯ ಸೂಕ್ಷ್ಮಜೀವಿಗಳೂ ನಮ್ಮ ಯಕೃತ್ತೂ ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ಅದು ಕೋಶದ ಆನುವಂಶಿಕ ದ್ರವ್ಯಕ್ಕೆ ನೇರವಾಗಿ ಹಾನಿಮಾಡುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೮೬ರಲ್ಲಿ ತಂಬಾಕಿನ ಹೊಗೆಯನ್ನೂ ೧೯೮೮ರಲ್ಲಿ ಮದ್ಯಪಾನೀಯಗಳನ್ನೂ ಮಾನವರಲ್ಲಿ ಕ್ಯಾನ್ಸರಿಗೆ ನಿಶ್ಚಿತ ಕಾರಣಗಳೆಂದು ಸಾರಿತು.

ಎರಡನ್ನೂ ಒಟ್ಟಿಗೆ ಸೇವಿಸುವವರಲ್ಲಿ ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿನ ಅಪಾಯ ಕೂಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ಗುಣಿಸಿಕೊಳ್ಳುತ್ತದೆ ಎಂಬುದು ಅನೇಕ ದೇಶಗಳ ಅಧ್ಯಯನಗಳಿಂದ ತಿಳಿದಿದೆ. ಕೇವಲ ಉದಾಹರಣೆಗಾಗಿ, ಒಂದರಿಂದ ಅಪಾಯ ಮೂರು ಪಟ್ಟು, ಇನ್ನೊಂದರಿಂದ ನಾಲ್ಕು ಪಟ್ಟು ಎಂದು ಇಟ್ಟುಕೊಂಡರೆ, ಎರಡೂ ಸೇರಿದಾಗ ಅದು ಹನ್ನೆರಡು ಪಟ್ಟಿನ ಸಮೀಪಕ್ಕೆ ಏರುತ್ತದೆ. ಪೈಪಿನ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯುವುದಿಲ್ಲವಾದ್ದರಿಂದ ಅಪಾಯವಿಲ್ಲವೆಂಬ ಸಮಾಧಾನ ಇಲ್ಲಿ ನಿಲ್ಲದು. ಹೊಗೆ ತಂಗುವ ಬಾಯಿಯೇ ಮದ್ಯವೂ ತಂಗುವ ಸ್ಥಳ. ಬೆಲೆಬಾಳುವ ೧೮ ವರ್ಷದ ಸ್ಕಾಚ್ ಆದರೂ, ಅಗ್ಗದ ಮದ್ಯವಾದರೂ, ಅದರಲ್ಲಿರುವ ಮದ್ಯಸಾರ ಒಂದೇ.

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಪೈಪು ಸೇದುವವರು ವಿರಳ. ಆದರೆ ನಿಪ್ಪಾಣಿಯ ತಂಬಾಕಿನ ಬೀಡಿ, ಸುಣ್ಣ ಬೆರೆಸಿ ತಿಕ್ಕಿದ ತಂಬಾಕು, ಗುಟ್ಕಾ ಇವುಗಳ ಬಳಕೆ ವಿರಳವಲ್ಲ. ಇವುಗಳೊಡನೆ ಮದ್ಯವೂ ಸೇರಿದಾಗ ನಡೆಯುವ ರಸಾಯನ ಮೇಲೆ ಹೇಳಿದ ಬಗೆಯದೇ. ಬಾಯಲ್ಲಿ ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇವು ಕಂಡುಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೊದಲ ಹಂತದಲ್ಲಿ ಗೊತ್ತಾದ ಬಾಯಿಯ ಕ್ಯಾನ್ಸರನ್ನು ಗುಣಪಡಿಸಲು ಸಾಧ್ಯವಿದೆ. ತಂಬಾಕನ್ನೂ ಮದ್ಯವನ್ನೂ ಬಿಟ್ಟವರಲ್ಲಿ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ. ಮನೆಯಲ್ಲಿ ಹಿರಿಯರಿಗೆ ಈ ಅಭ್ಯಾಸಗಳಿದ್ದರೆ, ಓದುಬಲ್ಲ ಮಕ್ಕಳು ಈ ಮಾತನ್ನು ಅವರಿಗೆ ತಿಳಿಯಹೇಳುವುದು ಉಚಿತ.