ಮಾರುವ ಮನೆಗೆ ಸುಣ್ಣ ಬಣ್ಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಮನೆ ಮಾರಿ ನೋಡು ಎನ್ನಲಿಲ್ಲ. ಕಟ್ಟಿದ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಬಾಳುತ್ತಾರೆ ಎಂಬುದೇ ಆಗಿನ ಎಣಿಕೆ. ಈಗ ಹಾಗಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಬಳ್ಳಾರಿಯಲ್ಲಿ ನೆಲೆಸಿದರೆ ಚಳ್ಳಕೆರೆಯ ಮನೆಗೆ ಬೀಗ ಬೀಳುತ್ತದೆ. ಒಂದು ದಿನ ಅದು ಮಾರಾಟಕ್ಕೂ ಬರುತ್ತದೆ. ಆಗ ಮನೆಯವರ ಮುಂದಿರುವ ಪ್ರಶ್ನೆ: ಇದ್ದ ಹಾಗೆಯೇ ತೋರಿಸುವುದೋ, ಸುಣ್ಣ ಬಣ್ಣ ಮಾಡಿಸಿ ತೋರಿಸುವುದೋ?

ಉತ್ತರಕ್ಕೆ ಮೊದಲು ಈ ಸೀಮೆಯ ಹಳೆಯ ಮನೆಗಳನ್ನು ನೋಡಬೇಕು. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಬಹಳ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು. ಅದಕ್ಕೆ ತಕ್ಕ ಹಾಗೆ ಇಲ್ಲಿ ಮಣ್ಣಿನ ಮಾಳಿಗೆ ಮನೆಗಳು ರೂಢಿಗೆ ಬಂದವು. ದಪ್ಪ ಗೋಡೆ, ತೊಲೆ, ಜಂತೆ, ಅದರ ಮೇಲೆ ಕಡ್ಡಿ-ಸೊಪ್ಪಿನ ಹಾಸು, ಅದರ ಮೇಲೆ ಮಣ್ಣು. ಮೇಲ್ಪದರಕ್ಕೆ ಚೌಳು ಮಣ್ಣು. ಬೆಳೆಗೆ ಒಗ್ಗದ ಈ ಮಣ್ಣು ಮಾಳಿಗೆಗೆ ಉಪಕಾರಿ. ಇದರಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಗುಲಿದಾಗ ಜೇಡಿಯ ನುಣುಪು ಕಣಗಳು ಬಿಡಿಯಾಗಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಒಳಗಿಳಿಯದೆ ದೋಣಿಯಿಂದ ಹೊರಕ್ಕೆ ಬೀಳುತ್ತದೆ. ಆದರೆ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮತ್ತೆ ಮಣ್ಣು ಹಾಕಿ ಬಡಿಯಬೇಕು, ತಪ್ಪಿಸಿದರೆ ಸೋರುತ್ತದೆ.

ಗೋಡೆಯ ಸುಣ್ಣವೂ ಹಾಗೆಯೇ. ನಾಯಕನಹಟ್ಟಿ ಜಾತ್ರೆ, ಯುಗಾದಿ ಹತ್ತಿರವಾದಂತೆ ಬಳಿಯುವ ಸುಣ್ಣ ಬರಿಯ ಅಲಂಕಾರವಲ್ಲ. ಅದರ ಕ್ಷಾರಗುಣ ರೋಗಾಣುಗಳನ್ನು ದೂರವಿಡುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿ ಅದು ಮತ್ತೆ ಸುಣ್ಣಕಲ್ಲಿನಂತೆ ಗಟ್ಟಿಯಾಗುತ್ತದೆ. ಆದರೂ ಗೋಡೆಯ ತೇವ ಹೊರಹೋಗಲು ಬಿಡುತ್ತದೆ. ಅಂದರೆ ಈ ಸೀಮೆಯಲ್ಲಿ ಮನೆಯ ಸಿಂಗಾರವೂ ಮನೆಯ ಆರೈಕೆಯೂ ಒಂದೇ ಕೆಲಸವಾಗಿತ್ತು. ವರ್ಷ ವರ್ಷವೂ ಸಿಂಗಾರಗೊಂಡ ಮನೆ ಎಂದರೆ ಗಟ್ಟಿಯಾಗಿರುವ ಮನೆ ಎಂದೇ ಅರ್ಥ.

ಕೊಳ್ಳುವವರು ಅದೇ ಬೀದಿಯವರೋ ನೆಂಟರೋ ಆಗಿದ್ದಾಗ ಬಚ್ಚಿಡಲು ಏನೂ ಇರುತ್ತಿರಲಿಲ್ಲ. ಯಾವ ಮೂಲೆ ಸೋರುತ್ತದೆ, ಯಾವ ತೊಲೆಗೆ ಗೆದ್ದಲು ಹತ್ತಿದೆ ಎಂಬುದು ಊರಿಗೇ ಗೊತ್ತು. ಈಗ ಕೊಳ್ಳುವವರು ಹೊರಗಿನವರೂ ಆಗಿರಬಹುದು. ಅವರು ಅರ್ಧ ಗಂಟೆ ನೋಡಿ ಜೀವಮಾನದ ಉಳಿತಾಯವನ್ನು ಕೊಡಲು ಮನಸ್ಸು ಮಾಡುತ್ತಾರೆ. ಹೀಗಾಗಿ ಆ ಅರ್ಧ ಗಂಟೆಗೆ ಇಷ್ಟು ಬೆಲೆ. ಅಮೆರಿಕದಲ್ಲಿ ಅದಕ್ಕಾಗಿ ಮನೆ ಸಜ್ಜುಗೊಳಿಸುವುದೇ ‘ಹೋಮ್ ಸ್ಟೇಜಿಂಗ್’ ಎಂಬ ಕಸುಬಾಗಿ ಬೆಳೆದಿದೆ. ಮನೆಯವರ ಫೋಟೋಗಳನ್ನೂ ತೆಗೆದಿಡಿ, ಬಂದವರು ಅದನ್ನು ತಮ್ಮದೇ ಮನೆ ಎಂದು ಭಾವಿಸಲಿ ಎನ್ನುತ್ತಾರೆ ಅಲ್ಲಿನವರು. ನಮ್ಮಲ್ಲಿ ದೇವರ ಮುಂದೆ ದೀಪ ಉರಿಯುವ ಮನೆಯೇ ಹೆಚ್ಚು ಒಪ್ಪುತ್ತದೆ.

ಕೆಲಸ ದೊಡ್ಡದೇನಲ್ಲ. ಅಟ್ಟದ ಹಳೆ ಸಾಮಾನು ಇಳಿಸಿ ಸಾಗಿಸಿದರೆ ಕೋಣೆ ಅಗಲವಾಗಿ ಕಾಣುತ್ತದೆ. ಗವಾಕ್ಷಿಯ ಧೂಳು ಒರೆಸಿದರೆ ನಡುಮನೆಗೆ ಬೆಳಕು ಬರುತ್ತದೆ. ಕಡಪ ಕಲ್ಲಿನ ನೆಲವನ್ನು ಉಜ್ಜಿ ತೊಳೆಯಬೇಕು. ತೊಟ್ಟಿಕ್ಕುವ ನಲ್ಲಿ ಸರಿಪಡಿಸಬೇಕು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯ್ದ ಮನೆಯಾದರೆ ಮಗ್ಗದ ಗುಂಡಿಯನ್ನು ಗಟ್ಟಿಯಾಗಿ ತುಂಬಿ ಕಲ್ಲು ಹಾಸಬೇಕು. ಸಡಿಲ ಮಣ್ಣು ತುಂಬಿದರೆ ಕೆಲವೇ ದಿನದಲ್ಲಿ ಕಲ್ಲು ಕುಸಿಯುತ್ತದೆ. ಇವೆಲ್ಲ ಮನೆಯಲ್ಲಿ ಇರುವುದನ್ನೇ ಕಾಣುವಂತೆ ಮಾಡುವ ಕೆಲಸಗಳು.

ಇರುವುದನ್ನು ಕಾಣದಂತೆ ಮಾಡುವ ಕೆಲಸಗಳೂ ಇವೆ. ತೇವ ಹಿಡಿದ ಮಣ್ಣಿನ ಗೋಡೆಗೆ ಎಣ್ಣೆ ಬಣ್ಣ ಬಳಿದರೆ ಕಲೆ ಮುಚ್ಚುತ್ತದೆ. ತೇವಕ್ಕೆ ಹೊರದಾರಿ ಇಲ್ಲದೆ ಬಣ್ಣ ಪದರ ಪದರವಾಗಿ ಏಳುವ ಹೊತ್ತಿಗೆ ಮನೆ ಕೈ ಬದಲಾಗಿರುತ್ತದೆ. ಗೆದ್ದಲು ತಿಂದ ಜಂತೆಗಳು ಹೊಸ ಹಲಗೆಯ ಮರೆಯಲ್ಲಿ ಕೂರುತ್ತವೆ.

ಇದು ಹೊಸ ಚಾಳಿಯಲ್ಲ. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳನ್ನು ಕುರಿತ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಸಿರಕ್ಯೂಸ್ ನಗರದ ಪಿಥಿಯಸ್ ಎಂಬ ಲೇವಾದೇವಿಗಾರ ತನ್ನ ತೋಟದ ಮನೆ ಮಾರಬೇಕೆಂದು ರೋಮಿನ ಕಾನಿಯಸ್ ಎಂಬವನನ್ನು ಊಟಕ್ಕೆ ಕರೆದ. ಅಂದು ತೋಟದ ಮುಂದೆ ದೋಣಿಗಳ ಸಾಲು! ಬೆಸ್ತರು ಹಿಡಿದ ಮೀನು ತಂದು ಪಿಥಿಯಸ್‌ನ ಕಾಲ ಬಳಿ ಸುರಿದರು. ಮೀನಿಗೆ ಇದೇ ಜಾಗ ಎಂದು ನಂಬಿದ ಅತಿಥಿ ಕೇಳಿದಷ್ಟು ಬೆಲೆಗೆ ಕೊಂಡ. ಮರುದಿನ ನೋಡಿದರೆ ಒಂದು ದೋಣಿಯೂ ಇಲ್ಲ. ‘ಇಲ್ಲಿ ಯಾರೂ ಮೀನು ಹಿಡಿಯುವುದಿಲ್ಲ, ನಿನ್ನೆ ಏನಾಯಿತೋ ಎಂದು ನನಗೇ ಆಶ್ಚರ್ಯ’ ಎಂದನಂತೆ ನೆರೆಯವ.

ನಮ್ಮ ಕಾನೂನು ಈ ಗೆರೆಯನ್ನು ಸ್ಪಷ್ಟವಾಗಿಯೇ ಎಳೆದಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಮಿನಂತೆ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಕಟ್ಟಡದ ದೋಷವಷ್ಟೇ ಅಲ್ಲ, ಹಕ್ಕಿನ ದೋಷವನ್ನೂ ತಿಳಿಸಬೇಕು. ತಿಳಿಸದಿದ್ದರೆ ಅದನ್ನು ವಂಚನೆ ಎಂದೇ ಕಾನೂನು ಎಣಿಸುತ್ತದೆ. ಹಾಗೆಂದು ಕೊಳ್ಳುವವರು ಕಣ್ಣು ಮುಚ್ಚಿಕೊಂಡಿರುವಂತಿಲ್ಲ. ನೋಡಿದರೆ ಕಾಣುವ ದೋಷ ಅವರ ಪಾಲಿನದು. ಖಾತೆ, ಋಣಭಾರ ಪತ್ರ ನೋಡುವಷ್ಟೇ ಶ್ರದ್ಧೆಯಿಂದ ತಲೆಯೆತ್ತಿ ಜಂತೆಗಳನ್ನೂ ನೋಡಬೇಕು. ಸಾಧ್ಯವಾದರೆ ಒಂದು ಮಳೆ ಬಿದ್ದ ಮರುದಿನ ಇನ್ನೊಮ್ಮೆ ಹೋಗಿ ಬರಬೇಕು. ಬೇಸಿಗೆಯಲ್ಲಿ ಕೊಳವೆಬಾವಿಯಲ್ಲಿ ನೀರು ಎಷ್ಟಿರುತ್ತದೆಂದು ಪಕ್ಕದ ಮನೆಯವರನ್ನು ಕೇಳಬೇಕು.

ಮಾರುವವರಿಗೂ ಇದರಲ್ಲಿ ನಷ್ಟವಿಲ್ಲ. ‘ಈ ಮೂಲೆ ಸೋರುತ್ತಿತ್ತು, ಹೋದ ವರ್ಷ ಮಣ್ಣು ಹಾಕಿಸಿದೆವು’ ಎಂದು ತಾವಾಗಿಯೇ ಹೇಳಿದವರ ಉಳಿದ ಮಾತನ್ನೂ ಬಂದವರು ನಂಬುತ್ತಾರೆ. ಬೆಲೆಯಲ್ಲಿ ಸ್ವಲ್ಪ ಬಿಡಬೇಕಾಗಬಹುದು. ಆದರೆ ಮುಂದೆಂದಾದರೂ ಜಾತ್ರೆಗೆಂದು ಊರಿಗೆ ಬಂದಾಗ, ಆ ಮನೆಯ ಮುಂದೆ ತಲೆ ತಗ್ಗಿಸದೆ ನಡೆದುಹೋಗಬಹುದು.